ಎನ್.ಎ. ಆಗಿದೆ ಅಂದರೆ ಸಾಲದು: ಪ್ಲಾಟ್ ಕೊಳ್ಳುವ ಮುನ್ನ ಭೂಬಳಕೆ ನೋಡಿಕೊಳ್ಳುವ ಬಗೆ

ಪ್ಲಾಟ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಥರ ಇರುತ್ತವೆ. "ಸರ್, ಕೊಪ್ಪಳದಲ್ಲಿ ಒಂದು ಪ್ಲಾಟ್ ನೋಡಿದ್ದೀವಿ. ಎನ್.ಎ. ಆಗಿದೆಯಂತೆ, ಖಾತಾನೂ ಇದೆಯಂತೆ. ತಗೋಬಹುದಾ?" ಊರು ಮಾತ್ರ ಬದಲಾಗುತ್ತದೆ. ಒಮ್ಮೆ ಬಳ್ಳಾರಿ, ಒಮ್ಮೆ ರಾಯಚೂರು, ಒಮ್ಮೆ ಸಿಂಧನೂರು.

ಆ ಪ್ರಶ್ನೆಯಲ್ಲಿ ಎರಡು ಸಲ "ಅಂತೆ" ಇದೆ. ಆ ಎರಡನ್ನೂ ನೀವೇ ಕಾಗದದಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ವಕೀಲರೇ ಆಗಬೇಕಿಲ್ಲ. ಎರಡು ಮೂರು ಕಚೇರಿಗೆ ಓಡಾಟ, ಒಂದೆರಡು ವಾರ ತಾಳ್ಮೆ ಇದ್ದರೆ ಸಾಕು. ಹತ್ತಾರು ವರ್ಷದ ಉಳಿತಾಯ ಹಾಕುವ ಜಾಗಕ್ಕೆ ಎರಡು ವಾರ ಜಾಸ್ತಿ ಅಲ್ಲ, ಅಲ್ವಾ?

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಜನ ಎಡವುವುದು ಹೆಚ್ಚಾಗಿ ಇಲ್ಲೇ.

ಭೂಪರಿವರ್ತನೆ ಅಂದರೆ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಕಂದಾಯ ಇಲಾಖೆ ಕೊಡುವ ಅನುಮತಿ. ನಮ್ಮ ಕಡೆ ಇದನ್ನೇ ಎನ್.ಎ. (ನಾನ್ ಅಗ್ರಿಕಲ್ಚರ್, ಅಂದರೆ ಕೃಷಿಯೇತರ) ಎನ್ನುತ್ತಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಜಿಲ್ಲಾಧಿಕಾರಿ ಈ ಆದೇಶ ಕೊಡುತ್ತಾರೆ.

ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಇನ್ನೊಂದು ದಾರಿಯಿಂದ ಬಂದದ್ದು. ಊರಿನ ಯಾವ ಭಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ, ಯಾವ ಕಡೆ ಹೊಸ ರಸ್ತೆ ಎಂದು ಗುರುತಿಸಿದ ನಕ್ಷೆ ಇದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ನಗರಗಳಲ್ಲಿ ಇದನ್ನು ನೋಡಿಕೊಳ್ಳುವುದು ಆಯಾ ನಗರಾಭಿವೃದ್ಧಿ ಪ್ರಾಧಿಕಾರ. ಬಳ್ಳಾರಿಯಲ್ಲಿ ಎಲ್ಲರೂ ಬೂಡಾ ಅಂತಲೇ ಕರೆಯುತ್ತಾರೆ.

ಒಂದು ಕಂದಾಯದವರದ್ದು, ಇನ್ನೊಂದು ಪ್ರಾಧಿಕಾರದ್ದು. ನೀವು ಮನೆ ಕಟ್ಟಬೇಕಾದರೆ ಎರಡರಲ್ಲೂ ಆ ನೆಲ "ವಾಸಕ್ಕೆ" ಎಂದಿರಬೇಕು. ಒಂದರಲ್ಲಿ ಮಾತ್ರ ಇದ್ದರೆ ಮನೆ ಕಟ್ಟುವ ಪರವಾನಗಿ ಕೇಳಲು ಹೋದ ದಿನ ತೊಡಕು ಶುರುವಾಗುತ್ತದೆ.

ಮಾರುವವರಿಂದ ಕೇಳಿ ಪಡೆಯಬೇಕಾದ್ದು

ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ (ಸರ್ವೆ ನಂಬರಿನ ಒಳಭಾಗ), ಊರು, ಹೋಬಳಿ. ಭೂಪರಿವರ್ತನೆ ಆದೇಶದ ಪೂರ್ತಿ ಪ್ರತಿ, ಎಲ್ಲ ಪುಟಗಳೂ. ಅನುಮೋದನೆಯಾದ ಬಡಾವಣೆ ನಕ್ಷೆಯ ಪ್ರತಿ. ಖಾತಾ ಉತಾರ. ಪ್ಲಾಟ್ ನಂಬರ್, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿಗೆ ಏನಿದೆ ಎನ್ನುವ ವಿವರ).

ಇವು ಜೆರಾಕ್ಸ್ ಆದರೂ ಸದ್ಯಕ್ಕೆ ಸಾಕು. ನಂಬರ್ ಸಿಕ್ಕಿದರೆ ಮುಂದಿನದನ್ನು ಕಚೇರಿಯಲ್ಲಿ ನೀವೇ ನೋಡಬಹುದು. "ಮೊದಲು ಸ್ವಲ್ಪ ಅಡ್ವಾನ್ಸ್ ಕೊಡಿ, ಆಮೇಲೆ ಕಾಗದ ಕೊಡ್ತೀವಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಕಾಗದ ಸರಿ ಇರುವವರು ಜೆರಾಕ್ಸ್ ಕೊಡಲು ಹಿಂದೇಟು ಹಾಕುವುದಿಲ್ಲ.

ಅಳತೆ ಬಗ್ಗೆ ಒಂದು ಮಾತು. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಹಾಗಾಗಿ ಅಲ್ಲಿ ಈಗಲೂ ಸೆಂಟ್ಸ್ ಲೆಕ್ಕ ಕೇಳಿಸುತ್ತದೆ. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು, ಅಲ್ಲಿ ಗುಂಟೆ. ಒಂದು ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ. ಒಂದು ಸೆಂಟ್ 435.6 ಚದರ ಅಡಿ, ಒಂದು ಗುಂಟೆ 1089 ಚದರ ಅಡಿ. ರಾಯಚೂರಿನವರು ಬಳ್ಳಾರಿಯಲ್ಲಿ ಕೊಳ್ಳುವಾಗ ಇದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ಹಂತ 1: ನಿಂತ ನೆಲ ಯಾವ ಸರ್ವೆ ನಂಬರ್?

ಪ್ಲಾಟ್ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಇದು ಸರ್ಕಾರದ್ದೇ, ದುಡ್ಡು ಕೊಡಬೇಕಿಲ್ಲ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಗದದಲ್ಲಿರುವ ನಂಬರೂ ಇದೂ ಒಂದೇನಾ ನೋಡಿ. ಒಂದು ಸರ್ವೆ ನಂಬರಿನ ಕಾಗದ ತೋರಿಸಿ ಪಕ್ಕದ ಹೊಲದಲ್ಲಿ ನಿಲ್ಲಿಸುವ ಸಂಗತಿ ಅಪರೂಪವೇನಲ್ಲ.

ಮೊಬೈಲ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಆಗುತ್ತದೆ. ಗಡಿಯ ಹತ್ತಿರದ ಪ್ಲಾಟ್ ಆದರೆ ಇದನ್ನೇ ನಂಬಬೇಡಿ, ಸರ್ವೆಯರ್ ಕೈಲಿ ಅಳತೆ ಮಾಡಿಸಿ.

ಹಂತ 2: ಪಹಣಿ ಮತ್ತು ಗ್ರಾಮ ನಕ್ಷೆ

ಪಹಣಿ ಭೂಮಿ ಜಾಲತಾಣದಲ್ಲೂ ನಾಡಕಚೇರಿಯಲ್ಲೂ ಸಿಗುತ್ತದೆ. ಮೂರು ಕಡೆ ಕಣ್ಣಿಡಿ.

ವಿಸ್ತೀರ್ಣದ ಕೆಳಗಿನ ಖರಾಬು. "ಎ" ಖರಾಬು ಅಂದರೆ ಬೇಸಾಯಕ್ಕೆ ಬಾರದ ಕಲ್ಲು, ಬಂಡೆಯಂಥ ನೆಲ. "ಬಿ" ಖರಾಬು ಅಂದರೆ ಹಳ್ಳ, ಬಂಡಿ ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಬಿ ಖರಾಬಿನಲ್ಲಿ ಪ್ಲಾಟ್ ಮಾಡಿ ಮಾರುವ ಹಕ್ಕು ಹೊಲದ ಮಾಲೀಕರಿಗೂ ಇಲ್ಲ.

9ನೇ ಕಾಲಂ. ಮಾಲೀಕರ ಹೆಸರು ಇಲ್ಲಿರುತ್ತದೆ. ಪರಿವರ್ತನೆಯಾಗಿದ್ದರೆ ಪಹಣಿಯಲ್ಲಿ ಅದರ ನಮೂದು ಇರಬೇಕು. ಆದೇಶ ಆಗಿ ವರ್ಷಗಳಾದರೂ ಪಹಣಿಯಲ್ಲಿ ಬಂದಿಲ್ಲ ಎಂದರೆ ಯಾಕೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.

11ನೇ ಕಾಲಂ. ಇತರೆ ಹಕ್ಕು ಮತ್ತು ಋಣ. ಬ್ಯಾಂಕ್ ಸಾಲ, ಕೋರ್ಟ್ ತಡೆ, ಭೂಸ್ವಾಧೀನದ ನಮೂದು ಇಲ್ಲಿ ಬರುತ್ತವೆ. ಕುಡತಿನಿ ಕಡೆಯಾಗಲಿ, ಗಿಣಿಗೇರಾ ಕಡೆಯಾಗಲಿ, ಕಾರ್ಖಾನೆಗಳ ಸುತ್ತ ನೋಡುತ್ತಿದ್ದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಅಧಿಸೂಚನೆ ಇದೆಯಾ ಎಂದು ತಪ್ಪದೆ ನೋಡಿ. ಮಂಡಳಿಯ ಜಿಲ್ಲಾ ಕಚೇರಿಯಲ್ಲೂ ಸರ್ವೆ ನಂಬರ್ ಕೊಟ್ಟು ಕೇಳಿಬಿಡಿ.

ಜೊತೆಗೆ ಗ್ರಾಮ ನಕ್ಷೆ. ನಮ್ಮ ಹಳ್ಳಗಳು ವರ್ಷದಲ್ಲಿ ಹತ್ತು ತಿಂಗಳು ಒಣಗಿಯೇ ಇರುತ್ತವೆ. ಜೆಸಿಬಿ ತಂದು ಮಟ್ಟ ಮಾಡಿ ಮುರುಮು ಹಾಕಿದರೆ ಅಲ್ಲೊಂದು ಹಳ್ಳ ಇತ್ತೆಂದು ಗೊತ್ತೇ ಆಗುವುದಿಲ್ಲ. ಗ್ರಾಮ ನಕ್ಷೆಯಲ್ಲಿ ಮಾತ್ರ ಆ ಗೆರೆ ಹಾಗೇ ಉಳಿದಿರುತ್ತದೆ.

ಹಂತ 3: ಪರಿವರ್ತನೆ ಆದೇಶವನ್ನು ಓದಿ, ಬರೀ ನೋಡಬೇಡಿ

ಬಹಳ ಜನ ಆದೇಶದ ಮೊದಲ ಪುಟದ ಸೀಲು, ಸಹಿ ನೋಡಿ ಮಡಚಿಡುತ್ತಾರೆ. ಒಳಗೆ ಓದಿದರೆ "ವಾಸದ ಉದ್ದೇಶಕ್ಕಾಗಿ", "ವಾಣಿಜ್ಯ ಉದ್ದೇಶಕ್ಕಾಗಿ", "ಕೈಗಾರಿಕಾ ಉದ್ದೇಶಕ್ಕಾಗಿ" ಎಂದು ಒಂದು ಸಾಲು ಇರುತ್ತದೆ. ನಿಮಗೆ ಬೇಕಾದ್ದು ಆ ಸಾಲು.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲಿಗೆಂದು, ರಾಯಚೂರು ಕಡೆ ಹತ್ತಿ ಜಿನ್ನಿಂಗ್ ಮಿಲ್ಲಿಗೆಂದು ಹಿಂದೆಯೇ ಪರಿವರ್ತನೆಯಾದ ಜಮೀನುಗಳಿವೆ. ಮಿಲ್ ಮುಚ್ಚುತ್ತದೆ, ಊರು ಅಲ್ಲಿಯವರೆಗೆ ಬೆಳೆಯುತ್ತದೆ, ಜಾಗ ಪ್ಲಾಟ್ ಆಗುತ್ತದೆ. "ಎನ್.ಎ. ಆಗಿದೆ" ಎನ್ನುವುದು ಸುಳ್ಳಲ್ಲ. ಆದರೆ ಅದು ಕೈಗಾರಿಕೆಗೆ ಆದ ಎನ್.ಎ. ನಮ್ಮ ಹತ್ತಿರದ ನೆಂಟರೊಬ್ಬರು ಇಂಥದ್ದೇ ಒಂದು ಪ್ಲಾಟ್ ಕೊಂಡರು. ಮನೆ ನಕ್ಷೆ ಹಿಡಿದು ಪರವಾನಗಿಗೆ ಹೋದಾಗಲೇ ಆ ಒಂದು ಪದ ಕಣ್ಣಿಗೆ ಬಿದ್ದದ್ದು. ಅಷ್ಟರಲ್ಲಿ ನೋಂದಣಿ ಮುಗಿದು ಎರಡು ವರ್ಷವಾಗಿತ್ತು. ಅವರ ಮನೆಯ ಪಾಯ ಇನ್ನೂ ಬಿದ್ದಿಲ್ಲ. ಹಾಗಾಗಿ "ಎನ್.ಎ. ಆಗಿದೆಯಾ?" ಎಂದು ಕೇಳಬೇಡಿ. "ಯಾವುದಕ್ಕೆ ಎನ್.ಎ. ಆಗಿದೆ?" ಎಂದು ಕೇಳಿ.

ಆದೇಶದಲ್ಲಿ ಇನ್ನೂ ಮೂರು ನೋಡಬೇಕು. ಎಷ್ಟು ಎಕರೆಗೆ ಆದೇಶ ಆಗಿದೆ? ನಾಲ್ಕು ಎಕರೆ ಹೊಲದಲ್ಲಿ ಎರಡಕ್ಕೆ ಮಾತ್ರ ಆಗಿದ್ದು, ಪ್ಲಾಟ್ ನಾಲ್ಕರಲ್ಲೂ ಇರಬಹುದು. ಜೊತೆಗಿನ ಪರಿವರ್ತನಾ ಸ್ಕೆಚ್‌ನಲ್ಲಿ ನಿಮ್ಮ ಜಾಗ ಯಾವ ಭಾಗದಲ್ಲಿ ಬರುತ್ತದೆ ನೋಡಿ. ಶುಲ್ಕ ಕಟ್ಟಿದ ರಸೀದಿ ಇದೆಯಾ? ಕೊನೆಯ ಪುಟದ ಷರತ್ತುಗಳೇನು? ಬಡಾವಣೆ ನಕ್ಷೆಗೆ ಅನುಮೋದನೆ ಪಡೆಯಬೇಕು ಎನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅದನ್ನು ಪಾಲಿಸಿದ್ದಾರಾ ಎನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಜೆರಾಕ್ಸ್ ತಿದ್ದುವುದು ಸುಲಭ. ಆದೇಶದ ಸಂಖ್ಯೆ, ದಿನಾಂಕ ಹಿಡಿದು ಜಿಲ್ಲಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ.

ಹಂತ 4: ಮಹಾಯೋಜನೆ ನಕ್ಷೆಯ ಮುಂದೆ ನಿಲ್ಲಿ

ಇಡೀ ಕೆಲಸದಲ್ಲಿ ಇದು ಮುಖ್ಯ, ಜನ ಬಿಡುವುದೂ ಇದನ್ನೇ. ಪ್ರಾಧಿಕಾರದ ಕಚೇರಿಗೆ ಹೋಗಿ, ನಗರ ಯೋಜನಾ ವಿಭಾಗದಲ್ಲಿ "ಈ ಸರ್ವೆ ನಂಬರಿನ ಭೂಬಳಕೆ ಏನಿದೆ ಎಂದು ನಕ್ಷೆಯಲ್ಲಿ ನೋಡಬೇಕು" ಎಂದು ಕೇಳಿ. ಮಹಾಯೋಜನೆ ಸಾರ್ವಜನಿಕ ದಾಖಲೆ. ಅದನ್ನು ನೋಡಲು ನೀವು ಯಾರ ಕೃಪೆಯನ್ನೂ ಬೇಡಬೇಕಿಲ್ಲ.

ನಕ್ಷೆ ದೊಡ್ಡದಿರುತ್ತದೆ, ತುಂಬ ಬಣ್ಣ, ಸಣ್ಣ ಅಕ್ಷರ. ಗಾಬರಿ ಬೇಡ. ಮೊದಲು ನಿಮಗೆ ಗೊತ್ತಿರುವ ಗುರುತು ಹಿಡಿಯಿರಿ: ರೈಲು ಹಳಿ, ಹೆದ್ದಾರಿ, ಕೆರೆ. ಅಲ್ಲಿಂದ ಬೆರಳಿಟ್ಟು ನಿಮ್ಮ ಹಳ್ಳಿ, ಆಮೇಲೆ ಸರ್ವೆ ನಂಬರ್. ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಹಳದಿ ವಾಸ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ ಮತ್ತು ಬಯಲು, ತಿಳಿ ಹಸಿರು ಕೃಷಿ, ಬೂದು ರಸ್ತೆ-ಸಾರಿಗೆ. ಆದರೂ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನೇ ನೋಡಿ ಹೋಲಿಸಿ. ಎರಡು ಹಸಿರುಗಳನ್ನು, ನೀಲಿ-ನೇರಳೆಯನ್ನು ಅದಲು ಬದಲು ಮಾಡಿಕೊಳ್ಳುವುದು ಬಹಳ ಸುಲಭ, ಅದರಲ್ಲೂ ಮಸುಕಾದ ಪ್ರಿಂಟ್‌ನಲ್ಲಿ.

ಬಣ್ಣ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ನಿಮ್ಮ ಸರ್ವೆ ನಂಬರನ್ನು ಯಾವುದಾದರೂ ಜೋಡಿ ಗೆರೆ ಸೀಳಿಕೊಂಡು ಹೋಗಿದೆಯಾ ನೋಡಿ. ಅದು ಮುಂದೆ ಆಗಬೇಕಾದ ರಸ್ತೆ ಇರಬಹುದು, ವರ್ತುಲ ರಸ್ತೆಯೂ ಇರಬಹುದು. ಹೊಲದಲ್ಲಿ ನಿಂತು ನೋಡಿದರೆ ಅಲ್ಲಿ ಜಾಲಿ ಗಿಡ ಬಿಟ್ಟರೆ ಏನೂ ಕಾಣುವುದಿಲ್ಲ. ನಕ್ಷೆಯಲ್ಲಿ ಮಾತ್ರ ರಸ್ತೆ ಇರುತ್ತದೆ. ಪೂರ್ತಿ ಹಳದಿ ಬಣ್ಣದ ನಡುವೆ ಇಂಥ ಗೆರೆ ಇದ್ದರೆ ನಿಮ್ಮ ಪ್ಲಾಟ್‌ಗೆ ಪರವಾನಗಿ ಸಿಗದೇ ಹೋಗಬಹುದು.

ನೋಡಿದ್ದು, ಬಾಯಲ್ಲಿ ಕೇಳಿದ್ದು ಸಾಲದು. ಭೂಬಳಕೆ ದೃಢೀಕರಣ ಪತ್ರಕ್ಕೆ ಅರ್ಜಿ ಕೊಡಿ. ಪಹಣಿ ಪ್ರತಿ, ಸರ್ವೆ ಸ್ಕೆಚ್ ಲಗತ್ತಿಸಿ, ಶುಲ್ಕ ಕಟ್ಟಿ, ಸ್ವೀಕೃತಿ ತೆಗೆದುಕೊಳ್ಳಿ. "ಜಾರಿಯಲ್ಲಿರುವ ಮಹಾಯೋಜನೆಯಂತೆ" ಎಂದು ಪತ್ರದಲ್ಲಿ ಇರಲಿ. ಪರಿಷ್ಕರಣೆಯಾಗುತ್ತಿರುವ ಕರಡು ನಕ್ಷೆ ತೋರಿಸಿ "ಮುಂದೆ ಹಳದಿ ಆಗುತ್ತೆ" ಎನ್ನುವವರಿದ್ದಾರೆ. ಕರಡು ಕರಡೇ. ಅರ್ಜಿಗೆ ಉತ್ತರ ಬರದೇ ಹೋದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅದೇ ಪ್ರಶ್ನೆ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಬಣ್ಣ ಬೇರೆ ಇದ್ದರೆ ಬದಲಾಯಿಸಬಹುದಾ? 1961ರ ಯೋಜನಾ ಕಾಯ್ದೆಯ 14ಎ ಕಲಂನಲ್ಲಿ ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ, ಶುಲ್ಕ ಎಲ್ಲ ಆಗಬೇಕು. ಅದು ಮಾರುವವರ ಕೆಲಸ. "ನೀವು ತಗೊಳ್ಳಿ, ಆಮೇಲೆ ಚೇಂಜ್ ಮಾಡಿಸಿಕೊಡ್ತೀವಿ" ಎಂದರೆ ಮಾಡಿಸಿದ ಮೇಲೆಯೇ ಬರುತ್ತೇವೆ ಎನ್ನಿ.

ಊರ ಹೊರಗಿನ ಹಳ್ಳಿ ಯಾವ ಯೋಜನಾ ಪ್ರದೇಶಕ್ಕೂ ಸೇರದೇ ಇರಬಹುದು. ಆಗ ಬಣ್ಣದ ನಕ್ಷೆ ಇರುವುದಿಲ್ಲ. ಅಂಥ ಕಡೆ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಕಚೇರಿಯ ಅನುಮೋದನೆ ಕೇಳಿ. ಗ್ರಾಮಠಾಣದ (ಹಳ್ಳಿಯ ಹಳೇ ವಸತಿ ಜಾಗದ) ಒಳಗಿನ ಜಾಗವಾದರೆ ಪರಿವರ್ತನೆಯ ಪ್ರಶ್ನೆ ಬರುವುದಿಲ್ಲ. ಆದರೆ ಅದು ಗ್ರಾಮಠಾಣದ ಗಡಿಯ ಒಳಗೇ ಇದೆ ಎಂದು ನಕ್ಷೆಯಲ್ಲಿ ಕಾಣಬೇಕು.

ಹಂತ 5: ಬಡಾವಣೆ ನಕ್ಷೆ

ಪ್ರಾಧಿಕಾರದ ಸೀಲು, ಅನುಮೋದನೆ ಸಂಖ್ಯೆ ಇರುವ ನಕ್ಷೆ ಬೇಕು. ಬಣ್ಣದ ಬ್ರೋಷರ್ ಅಲ್ಲ. ಕಚೇರಿಯಲ್ಲಿರುವ ಮೂಲ ನಕ್ಷೆಯ ಜೊತೆ ಹೋಲಿಸಿ. ನಿಮ್ಮ ಪ್ಲಾಟ್ ನಂಬರ್ ಅದರಲ್ಲಿದೆಯಾ? ಅಥವಾ ಅಲ್ಲಿ "ಉದ್ಯಾನ" ಎಂದೋ "ಸಿ.ಎ." ಎಂದೋ ಬರೆದಿದೆಯಾ? ಸಿ.ಎ. ಅಂದರೆ ಶಾಲೆ, ಅಂಚೆ ಕಚೇರಿಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಅದನ್ನು ಕೊಂಡವರಿಗೆ ಮನೆ ಕಟ್ಟಲು ಆಗುವುದಿಲ್ಲ.

ನಕ್ಷೆಗೆ ಒಪ್ಪಿಗೆ ಸಿಕ್ಕಿದ ತಕ್ಷಣ ಎಲ್ಲ ಪ್ಲಾಟ್ ಮಾರಲು ಬರುವುದಿಲ್ಲ. ರಸ್ತೆ, ಚರಂಡಿ, ನೀರು, ಕರೆಂಟ್ ಕೆಲಸ ಮುಗಿದಂತೆ ಪ್ರಾಧಿಕಾರ ಹಂತ ಹಂತವಾಗಿ ನಿವೇಶನ ಬಿಡುಗಡೆ ಮಾಡುತ್ತದೆ. ನಿಮ್ಮ ನಂಬರ್ ಬಿಡುಗಡೆ ಪಟ್ಟಿಯಲ್ಲಿದೆಯಾ ನೋಡಿ. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಿದ್ದು, 8ಕ್ಕಿಂತ ಹೆಚ್ಚು ಪ್ಲಾಟ್ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಬಡಾವಣೆಯ ಹೆಸರು ಹಾಕಿದರೆ ನಕ್ಷೆ, ಆದೇಶ ಎಲ್ಲ ಅಲ್ಲೇ ಸಿಗುತ್ತವೆ.

ಹಂತ 6: ಖಾತಾ ಯಾವ ನಮೂನೆಯದು?

ಗ್ರಾಮ ಪಂಚಾಯಿತಿ ಆದರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ). ನಮೂನೆ 9 ಮತ್ತು 11ಎ ಇದ್ದರೆ ಕ್ರಮಬದ್ಧ. 11ಬಿ ಇದ್ದರೆ ಅನುಮೋದನೆ ಇಲ್ಲದ ಆಸ್ತಿ. ನಗರದಲ್ಲಿ ಕ್ರಮಬದ್ಧ ಆಸ್ತಿಗೆ ಎ-ಖಾತಾ, ಅನಧಿಕೃತ ಆಸ್ತಿಗೆ ಬಿ-ಖಾತಾ. 2025ರಲ್ಲಿ ನಗರ ಸಂಸ್ಥೆಗಳು ಅನಧಿಕೃತ ನಿವೇಶನಗಳಿಗೆ ಬಿ-ಖಾತಾ ಕೊಟ್ಟವು. ಅದರಿಂದ ತೆರಿಗೆ ಕಟ್ಟಬಹುದು. ಆದರೆ ಆ ಖಾತಾ ಬಂತೆಂದು ನೆಲದ ಬಳಕೆ ಬದಲಾಗಲಿಲ್ಲ.

ಹಂತ 7: ಬಣ್ಣ ಹಳದಿ ಇದ್ದರೂ ತಡೆಯುವ ಸಂಗತಿಗಳು

ಸ್ಮಾರಕ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ಒಳಗೆ ಅನುಮತಿ ಬೇಕು. ಇಟಗಿಯ ಮಹಾದೇವ ದೇವಾಲಯ, ಮಸ್ಕಿ ಮತ್ತು ಕೊಪ್ಪಳದ ಅಶೋಕ ಶಾಸನಗಳ ಸುತ್ತ ಕೊಳ್ಳುವವರಿಗೆ ಇದು ಅನ್ವಯಿಸುತ್ತದೆ.

ಹಂಪಿ ಪ್ರದೇಶ. ಆನೆಗುಂದಿ, ಸಣಾಪುರ ಕೊಪ್ಪಳ ಜಿಲ್ಲೆಯಲ್ಲಿದ್ದರೂ ಅಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮ ನಡೆಯುತ್ತದೆ. ಬೆಟ್ಟ, ಹೊಳೆ, ಪ್ರವಾಸಿಗರನ್ನು ನೋಡಿ "ಹೋಂ ಸ್ಟೇ ಮಾಡೋಣ" ಎಂದು ಅಲ್ಲಿ ಜಾಗ ಹುಡುಕುವವರು ಜಾಸ್ತಿ. ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ನಡೆದ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ನೆಲಸಮ ಮಾಡಿದರು. ಅಲ್ಲಿ ಜಾಗ ನೋಡುವ ಮೊದಲು ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ.

ಕಾಲುವೆ. ತುಂಗಭದ್ರಾ ಎಡದಂಡೆ, ಬಲದಂಡೆ ಎರಡೂ ಕಡೆಯ ಅಚ್ಚುಕಟ್ಟಿನಲ್ಲಿ ಕಾಲುವೆ, ಉಪಕಾಲುವೆಯ ಪಕ್ಕದ ಪಟ್ಟಿ ನೀರಾವರಿ ಇಲಾಖೆಯದ್ದು. ಪ್ಲಾಟ್ ಮೂಲೆಯಿಂದ ಕಾಲುವೆ ಏರಿವರೆಗೆ ಎಷ್ಟು ದೂರ ಅಳೆದು, ಇಲಾಖೆಯಲ್ಲಿ ಗಡಿ ಕೇಳಿ. ಇನ್ನೊಂದು: ಗದ್ದೆಗಳ ನಡುವಿನ ಪ್ಲಾಟನ್ನು ಬೇಸಿಗೆಯಲ್ಲಿ ಮಾತ್ರ ನೋಡಬೇಡಿ. ಕಾಲುವೆಗೆ ನೀರು ಬಿಟ್ಟಾಗ ಒಮ್ಮೆ ಹೋಗಿ. ಗಡಿಕಲ್ಲಿನ ಬುಡದಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಪದರ ಕಂಡರೆ ಅದು ಸವಳು. ಅಲ್ಲಿ ಬಸಿ ನೀರು ಮೇಲೆ ಬರುತ್ತದೆ. ಇದು ಭೂಬಳಕೆಯ ವಿಷಯ ಅಲ್ಲ, ಗೊತ್ತು. ಆದರೂ ಹೇಳದೆ ಬಿಡಲು ಮನಸ್ಸಿಲ್ಲ.

ಹೈ ಟೆನ್ಷನ್ ತಂತಿ. ಶಕ್ತಿನಗರ, ಯರಮರಸ್, ಕುಡತಿನಿಯ ವಿದ್ಯುತ್ ಸ್ಥಾವರಗಳಿಂದ ಹೊರಟ ಲೈನುಗಳು ನಮ್ಮ ಊರುಗಳ ಸುತ್ತ ಹಾದಿವೆ. 220 ಕೆ.ವಿ. ಲೈನಿಗೆ ಸುಮಾರು 35 ಮೀಟರ್ ಅಗಲದ ಪಟ್ಟಿ ಖಾಲಿ ಬಿಡಬೇಕು.

ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಯ ಪಕ್ಕ ಊರ ಹೊರಗೆ ಕೊಳ್ಳುವಾಗ ರಸ್ತೆಯ ನಡುಗೆರೆಯಿಂದ 40 ಮೀಟರ್ ಲೆಕ್ಕ ಹಾಕಿ. "ರೋಡ್ ಟಚ್" ಎಂದು ಜಾಸ್ತಿ ದುಡ್ಡು ಕೊಟ್ಟ ಭಾಗದಲ್ಲೇ ಕಟ್ಟಲು ಆಗದೇ ಹೋಗಬಹುದು.

ಹಂತ 8: ನೀವು ಅಂದುಕೊಂಡ ಮನೆ ಆ ಪ್ಲಾಟಿನಲ್ಲಿ ಆಗುತ್ತದಾ?

ಮಹಾಯೋಜನೆಯ ಜೊತೆ ವಲಯ ನಿಯಮಾವಳಿ ಎಂಬ ಪುಸ್ತಕ ಇರುತ್ತದೆ. ಎಷ್ಟು ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ಎಷ್ಟು ಎಫ್.ಎ.ಆರ್. (ಪ್ಲಾಟ್ ಅಳತೆಗೆ ತಕ್ಕಂತೆ ಎಲ್ಲ ಮಹಡಿ ಸೇರಿ ಕಟ್ಟಬಹುದಾದ ಚದರ) ಎಂದು ಅದರಲ್ಲಿದೆ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ ಎಂದುಕೊಂಡಿದ್ದರೆ ವಾಸ ವಲಯದಲ್ಲಿ ಎಷ್ಟು ಅಗಲದ ರಸ್ತೆಗೆ ಎಷ್ಟು ಅಂಗಡಿ ಬಿಡುತ್ತಾರೆ ಎಂದು ಕೇಳಿ. 20×30 ಪ್ಲಾಟ್ ಕೊಂಡು ಡ್ಯೂಪ್ಲೆಕ್ಸ್ ಕನಸು ಕಾಣುವವರು ಈ ಲೆಕ್ಕವನ್ನು ಎಂಜಿನಿಯರ್ ಹತ್ತಿರ ಮೊದಲೇ ಹಾಕಿಸಿ.

ಈ ಮಾತುಗಳಿಗೆ ಸೋಲಬೇಡಿ

"ನೋಂದಣಿ ಆಗುತ್ತೆ." ಉಪನೋಂದಣಿ ಕಚೇರಿ ದಾಖಲಿಸುವುದು ಮಾರಾಟವನ್ನು. ಅಲ್ಲಿ ಮನೆ ಕಟ್ಟಬಹುದು ಎಂದು ಅವರು ಹೇಳುವುದಿಲ್ಲ.

"ಪಕ್ಕದವರು ಕಟ್ಟಿದ್ದಾರಲ್ಲ, ಕರೆಂಟೂ ಬಂದಿದೆ." ಅವರಿಗೆ ನೋಟಿಸ್ ಬಂದಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ.

"ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ." ನಗರ ಪ್ರದೇಶದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದನ್ನು ನೆಚ್ಚಿಕೊಂಡು ಹೊಸದಾಗಿ ಕೊಳ್ಳುವುದು ಬೇಡವೇ ಬೇಡ.

"ಇವತ್ತೇ ಬುಕ್ ಮಾಡಿ, ನಾಳೆ ರೇಟ್ ಏರುತ್ತೆ." ಏರಲಿ. ಇನ್ನೊಂದು ಪ್ಲಾಟ್ ಸಿಗುತ್ತದೆ.

ಹಂತ 9: ಕರಾರು ಪತ್ರ

ಎಲ್ಲ ನೋಡಿ ಮನಸ್ಸು ಗಟ್ಟಿಯಾದ ಮೇಲೆ ಮುಂಗಡ ಕೊಡಿ, ಚೆಕ್ ಅಥವಾ ಬ್ಯಾಂಕ್ ಮೂಲಕವೇ. ಕರಾರಿನಲ್ಲಿ ಒಂದು ಷರತ್ತು ಬರೆಸಿ: ಜಾರಿಯಲ್ಲಿರುವ ಮಹಾಯೋಜನೆ ಮತ್ತು ಪರಿವರ್ತನೆ ಆದೇಶ ಎರಡರಲ್ಲೂ ಈ ಸ್ವತ್ತು ವಾಸದ ಬಳಕೆಗೆ ಇದೆ, ಹಾಗಿಲ್ಲವೆಂದು ಕಂಡುಬಂದರೆ ಮುಂಗಡವನ್ನು ಪೂರ್ತಿ ಇಷ್ಟು ದಿನದೊಳಗೆ ವಾಪಸ್ ಕೊಡುತ್ತೇನೆ ಎಂದು. ದಿನಗಳನ್ನು ಅಂಕಿಯಲ್ಲಿ ಬರೆಸಿ. ದೃಢೀಕರಣ ಪತ್ರ ಇನ್ನೂ ಕೈಗೆ ಬಂದಿಲ್ಲದಿದ್ದರೆ, ಅದು ಬಂದ ಮೇಲೆಯೇ ನೋಂದಣಿ ಎಂದೂ ಸೇರಿಸಿ. ಈ ಎರಡು ಸಾಲಿಗೆ ಮಾರುವವರು ಸಹಿ ಹಾಕಲು ಒಪ್ಪದಿದ್ದರೆ, ಚೆಕ್ಕನ್ನು ಪುಸ್ತಕದಿಂದ ಹರಿಯಲೇಬೇಡಿ.